ಚಪ್ಪಟೆ ಡಬ್ಬದ ಸಂಸಾರ

ಹಲಗೆ, ಸ್ಕ್ರೂ ತುಂಬಿದ ಚಪ್ಪಟೆ ಡಬ್ಬಗಳನ್ನು ತಂದು ಮನೆಯಲ್ಲೇ ಪೀಠೋಪಕರಣ ಜೋಡಿಸಿಕೊಳ್ಳುವವರಿಗೆ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ನನಗೆ ಮದುವೆ ಮಾತುಕತೆಯ ಹೊತ್ತಿನಲ್ಲೇ ಆದವು.

ನಾನೂ ನನ್ನ ಹುಡುಗಿಯೂ ಒಪ್ಪಿದ್ದೆವು. ಇದೇ ಪರದೇಶದ ಇನ್ನೊಂದು ಊರು ಅರೋರಾದಲ್ಲಿರುವ ಅವಳ ತಂದೆ ಒಪ್ಪುವುದು ಬಾಕಿ. ಅವರು ಧಾರವಾಡ ಕಡೆಯವರು, ಮೂಳೆ ಡಾಕ್ಟರು. ‘ಮೊದಲಿಗೆ ಹುಡುಗನ ಮನಿ ನೋಡ್ತೀನಿ, ಆಮ್ಯಾಲೆ ಹೇಳ್ತೀನಿ’ ಎಂದಿದ್ದರು. ವಾರೆನ್ ಊರಿನ ನನ್ನ ಮನೆಯಲ್ಲಿ ಆಗ ಇದ್ದದ್ದು ಹಾಸಿಗೆ ಮತ್ತು ಕುಕ್ಕರ್.

೧. ಕುರ್ಚಿ

ಸಹಾಯಕ್ಕೆ ಲೊಂಬಾರ್ಡ್ ಊರಿನಿಂದ ಒಬ್ಬ ಗೆಳೆಯ ಬಂದ. ನಾನು ಜೋಡಿಸಿಟ್ಟಿದ್ದ ಕುರ್ಚಿ ನೋಡಿ ಕೇಳಿದ:

“ಗಟ್ಟಿ ಮರದ್ದು ತಗೊಳ್ಳೋದಲ್ವೇನೋ?”

“ನನ್ನ ವೀಸಾಗಿಂತ ಜಾಸ್ತಿ ಬಾಳೋ ಸಾಮಾನು ಯಾಕೆ? ಇದು ಅಗ್ಗ, ಹಗುರ. ಫೋಟೋದಲ್ಲಿ ಎಷ್ಟು ಚೆನ್ನಾಗಿದೆ ನೋಡು.”

“ವೀಸಾ ಇರೋತನಕನಾದ್ರೂ ಬಾಳ್ಬೇಕಲ್ಲ,” ಎನ್ನುತ್ತಾ ಕುರ್ಚಿಯಲ್ಲಿ ಕೂತ. ಮರುಕ್ಷಣ ನೆಲದ ಮೇಲಿದ್ದ.

ಕಾರಿನ ಸೀಟುಗಳ ಬಾಳಿಕೆ ಪರೀಕ್ಷಿಸುವುದು ನನ್ನ ಉದ್ಯೋಗ. ಗೆಳೆಯ ಬಿದ್ದಲ್ಲಿಂದಲೇ ಕೇಳಿದ: “ಇಂಥದ್ದಕ್ಕೆ ನಿಮ್ಮ ಆಫೀಸಲ್ಲಿ ಏನಂತ ಬರೀತೀರಾ?”

“ಪರೀಕ್ಷೆ ಮುಗೀತು ಅಂತ.”

೨. ಕಪಾಟು

ಪುಸ್ತಕದ ಕಪಾಟನ್ನು ಕ್ರಮವಾಗಿ ಮಾಡಿದೆ. ಸ್ಕ್ರೂಗಳನ್ನು ಅಳತೆ ನೋಡಿ ಇಡ್ಲಿ ತಟ್ಟೆಯ ಗುಳಿಗಳಲ್ಲಿ ವಿಂಗಡಿಸಿದೆ. ಎತ್ತಿ ನಿಲ್ಲಿಸಿದಾಗ, ಹಲಗೆಗಳು ಹಿಂದುಮುಂದಾಗಿ ಕೂತು, ಬಣ್ಣವಿಲ್ಲದ ಒರಟು ಅಂಚುಗಳೆಲ್ಲ ಮುಂದಕ್ಕೆ ಬಂದಿದ್ದವು.

ಬಿಚ್ಚಲು ಹೋದರೆ ಸ್ಕ್ರೂ ಜೊತೆ ಪುಡಿಯೂ ಉದುರಿತು. ಒಳಗಿದ್ದದ್ದು ಮರವಲ್ಲ, ಅಂಟು ಹಾಕಿ ಒತ್ತಿದ ಹೊಟ್ಟು. ಒಮ್ಮೆ ಬಿಚ್ಚಿದರೆ ಮತ್ತೆ ಹಿಡಿಯುವುದಿಲ್ಲ.

“ಮುಖ ಗೋಡೆ ಕಡೆ ತಿರುಗಿಸಿಬಿಡೋಣ,” ಎಂದ ಗೆಳೆಯ.

ತಿರುಗಿಸಿದೆವು. ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಪುಸ್ತಕ ಇಡಲು ಮಾತ್ರ ಜಾಗವಿರಲಿಲ್ಲ.

೩. ದೇವರು

“ಮನ್ಯಾಗ ದೇವರ ಇಲ್ಲ ಅಂದ್ರ ಅಪ್ಪ ಬಾಗಿಲದಾಗಿಂದನ ಹೊಳ್ಳಿ ಹೋಗ್ತಾರ,” ಎಂದಳು ಹುಡುಗಿ.

ಬಾಗಿಲಿರುವ ಸಣ್ಣ ಬಿಳಿ ಗೂಡು ತಂದು ಗಣಪತಿಯನ್ನು ಇಟ್ಟೆ. ಅವರು ಬರುವ ಹಿಂದಿನ ದಿನ, ವಿಘ್ನ ಬೇಡವೆಂದು ಹಾಲು, ನೀರಿನ ಅಭಿಷೇಕ ಮಾಡಿದೆ. ಗಣಪತಿಯನ್ನು ಹೊರಗೆ ತೆಗೆಯಬೇಕೆಂದು ಹೊಳೆಯಲಿಲ್ಲ. ಗೂಡಿನ ಬಾಗಿಲು ಹಾಕಿ ಮಲಗಿದೆ.

ಬೆಳಿಗ್ಗೆ ಹಲಗೆ ನೆನೆದ ಅವಲಕ್ಕಿಯಂತೆ ಉಬ್ಬಿ ಬಾಗಿಲನ್ನು ಕಚ್ಚಿ ಹಿಡಿದಿತ್ತು. ಚಾಕು, ದೋಸೆ ಮಗುಚುವ ಕೈ, ಯಾವುದಕ್ಕೂ ಬಗ್ಗಲಿಲ್ಲ. ಹುಡುಗಿಗೆ ಫೋನ್ ಮಾಡಿದೆ.

“ದೇವರು ಒಳಗೇ ಸಿಕ್ಕಿಹಾಕ್ಕೊಂಡಿದಾನೆ. ಏನು ಮಾಡ್ಲಿ?”

“ಪೂಜಾರಿ ಊಟಕ್ಕ ಹೋಗ್ಯಾನ ಅಂತ ಹೇಳು.”

೪. ಮೇಜು

ಆಕೆಯ ತಂದೆ ಐದು ತಾಸು ಡ್ರೈವ್ ಮಾಡಿಕೊಂಡು ಒಬ್ಬರೇ ಬಂದರು. ಗೂಡಿನ ಮುಚ್ಚಿದ ಬಾಗಿಲಿಗೇ ಕೈ ಮುಗಿದು, ನಾನು ಜೋಡಿಸಿದ್ದ ಊಟದ ಮೇಜಿನ ಬಳಿ, ಪಕ್ಕದ ಮನೆಯಿಂದ ತಂದ ಕುರ್ಚಿಯಲ್ಲಿ ಕೂತರು. ಉಪ್ಪಿಟ್ಟು ಬಡಿಸಿದೆ. ಅವರು ಮೊಣಕೈ ಊರಿದರು. ಮೇಜು ಒಂದು ಕಡೆ ವಾಲಿತು. ತಟ್ಟೆ ನಿಧಾನವಾಗಿ ನನ್ನ ಕಡೆ ಜಾರಿ ಬಂತು.

ನನ್ನ ಮದುವೆ ಮುರಿಯಿತು ಎಂದುಕೊಂಡೆ. ಅವರು ಬಗ್ಗಿ ಮೇಜಿನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರು.

“ಎಷ್ಟ ದಿವಸದಿಂದ ಹಿಂಗದ?”

“ಶುರುವಿನಿಂದಲೂ, ಅಂಕಲ್.”

“ಅಲುಗಾಡಿಸಿದ್ರ ಲಟಕ್ ಅಂತದೇನು?”

“ಅನ್ನುತ್ತೆ.”

“ಥಂಡಿಯೊಳಗ ಜಾಸ್ತಿ?”

ಕೋಟು ಬಿಚ್ಚಿ ಮೇಜಿನ ಕೆಳಗೆ ಮಲಗಿಯೇಬಿಟ್ಟರು. ಕೈ ಮಾತ್ರ ಹೊರಗೆ ಬಂತು.

“ಸ್ಕ್ರೂ.”

ಕೊಟ್ಟೆ.

“ಇದಲ್ಲೋ, ಉದ್ದಂದು.”

ಸಂಜೆಯವರೆಗೂ ಅಷ್ಟೇ ಮಾತು. ಕೊನೆಗೆ ಮೇಜಿನ ಕಾಲಿಗೆ ಬಟ್ಟೆ ಸುತ್ತಿ ಎದ್ದರು. “ಆರು ವಾರ ಭಾರ ಹಾಕಬ್ಯಾಡ,” ಎಂದು ಹೇಳಿ ಹೊರಟುಹೋದರು.

ಮರುದಿನ ಹುಡುಗಿ ಫೋನ್ ಮಾಡಿದಳು.

“ಅಪ್ಪ ಭಾಳ ಖುಷಿ ಆಗ್ಯಾರ. ಮತ್ತ ಬರ್ತಾರಂತ.”

“ನನ್ನ ನೋಡೋಕಾ?”

“ಮೇಜು ನೋಡ್ಲಿಕ್ಕ.”

“ಮತ್ತೆ ಹುಡುಗ ಹೆಂಗಿದಾನೆ ಅಂತ ಕೇಳಲಿಲ್ವಾ?”

“ಕೇಳಿದೆ. ‘ಹುಡುಗ ಮನ್ಯಾಗ ಎಲ್ಲಿದ್ದ? ಒಬ್ಬ ಕಂಪೌಂಡರ್ ಇದ್ದ, ಬರೇ ತಪ್ಪು ಸ್ಕ್ರೂ ಕೊಡ್ತಿದ್ದ’ ಅಂದ್ರು.”