ಚಿಕ್ಕಮ್ಮನ ಅಂಗೈಗೆ ಒಪ್ಪಿದ ಟ್ರಾಂಬೋನ್

ಕರೆಂಟ್ ಹೋದರೆ ದೊಡ್ಡಬಳ್ಳಾಪುರದ ಬೇರೆ ಬೀದಿಗಳಲ್ಲಿ ಮಗ್ಗ ನಿಂತುಹೋಯಿತೆಂದು ಗೊಣಗುತ್ತಾರೆ. ನಮ್ಮ ಬೀದಿಯಲ್ಲಿ ಮಾತ್ರ ನಮ್ಮ ಚಿಕ್ಕಪ್ಪ ನಿಲ್ಲಲಿಲ್ಲವಲ್ಲ ಎಂದು ಗೊಣಗುತ್ತಾರೆ!

ಕಾರಣ ಟ್ರಾಂಬೋನ್. ಮದುವೆ ಬ್ಯಾಂಡಿನಲ್ಲಿ ಉದ್ದ ಕೊಳವೆಯನ್ನು ಹಿಂದೆ ಮುಂದೆ ಎಳೆಯುತ್ತಾ ಊದುತ್ತಾರಲ್ಲ, ಅದೇ ಹಿತ್ತಾಳೆ ವಾದ್ಯ. ಮಗ್ಗಗಳು ಓಡುತ್ತಿರುವಾಗ ಚಿಕ್ಕಪ್ಪ ಎಷ್ಟು ಊದಿದರೂ ಯಾರಿಗೂ ತೊಂದರೆಯಿಲ್ಲ. ಅವು ತಟ್ಟನೆ ನಿಂತಾಗಲೇ ಬೀದಿಗೆ ಗೊತ್ತಾಗುವುದು, ಇವರು ಇಷ್ಟು ಹೊತ್ತು ಏನು ಮಾಡುತ್ತಿದ್ದರೆಂದು.

ಹರೆಯದಲ್ಲಿ ಅವರು ಬ್ಯಾಂಡಿನಲ್ಲಿ ಊದಿದವರು. ಈಚೆಗೆ ದೇವನಹಳ್ಳಿ ಕಡೆಯ ಹೋಟೆಲೊಂದಕ್ಕೆ ನೆಂಟರ ರಿಸೆಪ್ಷನ್ನಿಗೆ ಹೋಗಿ ಜಾಝ್ ಕೇಳಿಬಂದರು. ಊಟಕ್ಕೂ ಏಳದೆ ಕೂತಿದ್ದರಂತೆ. ನಮ್ಮ ವಂಶದಲ್ಲಿ ರಿಸೆಪ್ಷನ್ನಿಗೆ ಹೋಗಿ ಉಪವಾಸ ಬಂದವರು ಇನ್ನೊಬ್ಬರಿಲ್ಲ! ಅಂದಿನಿಂದ ಒಂದೇ ಹಟ: ಹಳೆಯ ಕಾಲದ, ಸಣ್ಣ ಕೊಳವೆಯ ಟ್ರಾಂಬೋನ್ ಬೇಕು. ಅದಕ್ಕೆ ಕಡಿಮೆ ಉಸಿರು ಸಾಕು, ದನಿ ಚುರುಕು, ಜಾಝ್‌ಗೆ ಅದೇ ಸರಿ ಎಂದು ಮೊಬೈಲ್ ನೋಡಿ ನಮಗೆಲ್ಲ ಪಾಠ ಹೇಳಿದರು.

ಹುಡುಕಿ ಹುಡುಕಿ ಕೊನೆಗೆ ನಮ್ಮ ತಾಲೂಕಿನದೇ ಊರಾದ ಮಧುರೆಯ ಹಿರಿಯರೊಬ್ಬರ ಮನೆಯಲ್ಲಿ ಅಂಥದೊಂದು ಸಿಕ್ಕಿತು. ಅವರು ಹಿಂದೆ ಬ್ಯಾಂಡ್ ನಡೆಸುತ್ತಿದ್ದವರು. ನನ್ನ ಕಾರಿನಲ್ಲಿ ಹೊರಟೆವು. ಚಿಕ್ಕಪ್ಪ ಚಿಕ್ಕಮ್ಮನನ್ನೂ ಹೊರಡಿಸಿದರು. ನನಗೆ ನಗು ಬಂತು. ಮಗ್ಗದ ಸದ್ದಿನಲ್ಲೇ ಬಾಳಿದ ಚಿಕ್ಕಮ್ಮನಿಗೆ ಈಗ ಕಿವಿ ಕೇಳುವುದಿಲ್ಲ. ಗಂಡ ಹೆಂಡತಿ ಮಗ್ಗಗಳ ಆಚೆ ಈಚೆ ನಿಂತು ಬೆರಳಿನಲ್ಲೇ ಸಂಸಾರ ಮಾಡಿದವರು. ಊಟಕ್ಕೊಂದು ಸನ್ನೆ, ಜಗಳಕ್ಕೊಂದು ಸನ್ನೆ. ಎಳೆ ಹರಿದರೆ ಎರಡು ಬೆರಳು ಜೋಡಿಸಿ ಬಿಡಿಸಬೇಕು. ಎಲ್ಲ ಸರಿ, ವಾದ್ಯ ಕೊಳ್ಳುವುದಕ್ಕೆ ಕಿವಿ ಕೇಳದವರೇಕೆ?

"ಊದೋನು ನಾನು, ಕೇಳ್ಬೇಕಾದೋಳು ಅವ್ಳು ಕಣೋ," ಎಂದರು ಚಿಕ್ಕಪ್ಪ. "ಅವ್ಳಿಗೆ ಮುಟ್ದೇ ಇರೋದು ನಂಗ್ಯಾಕೆ?"

ನಾನು ಗೇರ್ ಬದಲಿಸಿದೆ.

ಹಿರಿಯರು ಹೊಳೆಯುವ ಹೊಸದೊಂದು, ಬಣ್ಣಗೆಟ್ಟ ಹಳೆಯದೊಂದು ತಂದಿಟ್ಟರು. ಚಿಕ್ಕಪ್ಪ ಹಳೆಯದರ ಕೊಳವೆಯನ್ನು ಎಳೆದು, ಲಾಳಿಯಂತೆ ತಡೆಯಿಲ್ಲದೆ ಓಡುತ್ತದೆಯೇ ಎಂದು ನೋಡಿದರು. ಅಗಲ ಬಾಯಿಯ ಅಂಚನ್ನು ಸೀರೆಯ ಅಂಚು ನೋಡುವ ಹಾಗೆ ಸವರಿದರು. ಹೊಸದನ್ನೇ ಒಯ್ಯಿರಿ, ಹಳೆಯದರ ಸದ್ದು ಮೆರವಣಿಗೆಗೆ ಸಾಲದು ಎಂದು ಹಿರಿಯರು ಬುದ್ಧಿ ಹೇಳಿದರು. ಇವರು ಹೊರಡಿಸುವ ಮೆರವಣಿಗೆಯಾದರೂ ಯಾವುದು!

ಚಿಕ್ಕಪ್ಪ ಹೆಂಡತಿಯ ಅಂಗೈಯನ್ನು ಹೊಸದರ ಬಾಯಂಚಿನ ಮೇಲಿರಿಸಿ ಊದಿದರು. ಚಿಕ್ಕಮ್ಮ ತಲೆಯಾಡಿಸಿ ಬೇಡವೆಂದರು. ಹಳೆಯದನ್ನು ಊದಿದರು. ದನಿ ನಿಂತ ಮೇಲೂ ಚಿಕ್ಕಮ್ಮ ಕೈ ತೆಗೆಯಲಿಲ್ಲ.

"ಇದು ಗೊತ್ತಾಗ್ತದೆ," ಎಂದರು.

ಚಿಕ್ಕಪ್ಪ ಚೌಕಾಸಿಯನ್ನೇ ಮರೆತರು. ಅವರ ಹುಚ್ಚಾಟಗಳಲ್ಲಿ ನನ್ನನ್ನು ನಿಜವಾಗಿ ಗಾಬರಿಗೊಳಿಸಿದ್ದು ಅದೊಂದೇ.

ಮೊನ್ನೆ ಸಂಜೆ ಅವರ ಮನೆಯಲ್ಲಿದ್ದಾಗ ಕರೆಂಟ್ ಹೋಯಿತು. ಬೀದಿಯ ಮಗ್ಗಗಳೆಲ್ಲ ನಿಂತವು. ಚಿಕ್ಕಪ್ಪ ಎಂದಿನಂತೆ ನಿಲ್ಲಲಿಲ್ಲ. ಚಿಕ್ಕಮ್ಮ ಪಕ್ಕದಲ್ಲಿ ಕಣ್ಣುಮುಚ್ಚಿ, ಹಿತ್ತಾಳೆಯ ಮೇಲೆ ಅಂಗೈಯಿಟ್ಟು ಕೂತಿದ್ದರು. ನಡುವೆ ಉಸಿರು ಸಾಲದೆ ದನಿ ತುಂಡಾಯಿತು. ಚಿಕ್ಕಮ್ಮ ತಟ್ಟನೆ ಕಣ್ಣು ತೆರೆದು, ಇನ್ನೊಂದು ಕೈಯ ಎರಡು ಬೆರಳು ಜೋಡಿಸಿ ಬಿಡಿಸಿದರು.

ಎಳೆ ಹರಿಯಿತು!

ಚಿಕ್ಕಪ್ಪ ನನ್ನತ್ತ ತಿರುಗಿದರು. "ಕೇಳಿಸ್ತಾ ಇದೆ ಕಣೋ ಅವ್ಳಿಗೆ," ಎಂದರು.

ನನಗೆ ಕಣ್ಣು ತುಂಬಿ ಬಂತು. ಅವರು ಉಸಿರೆಳೆದುಕೊಂಡು, ಹರಿದಲ್ಲಿಂದಲೇ ಮತ್ತೆ ಊದತೊಡಗಿದರು.