ಗಂಟೆ ಮೇಸ್ತ್ರಿಯ ಒಂದು ಮತ

ಇಷ್ಟಕ್ಕೆಲ್ಲ ಕಾರಣ ಒಂದು ಇಲಿ. ಸಂಸತ್ ಭವನದ ನೆಲಮಾಳಿಗೆಯಲ್ಲಿ ತಿನ್ನಲು ಬೇರೇನೂ ಸಿಗದೆ ಅದು ಮತಗಂಟೆಯ ತಂತಿಯನ್ನು ಕಡಿದುಹಾಕಿತ್ತು. ಮಸೂದೆಯನ್ನು ಮತಕ್ಕೆ ಹಾಕುವಾಗ ಈ ಗಂಟೆ ಮೂರು ನಿಮಿಷ ಬಡಿದುಕೊಳ್ಳಬೇಕು. ಕ್ಯಾಂಟೀನು, ಗ್ರಂಥಾಲಯ, ವರಾಂಡಗಳಲ್ಲಿ ಚೆದುರಿದ ಸದಸ್ಯರು ಓಡಿಬರಬೇಕು. ಆಮೇಲೆ ಬಾಗಿಲಿಗೆ ಬೀಗ. ತಾನಿಲ್ಲದಿದ್ದರೆ ದೇಶಕ್ಕೆ ಕಾನೂನೇ ಇಲ್ಲ ಎಂದು ಗಂಟೆಯ ರಿಪೇರಿ ನೋಡಿಕೊಳ್ಳುವ ಮೇಸ್ತ್ರಿ ಹೆಂಡತಿಯ ಮುಂದೆ ಹೇಳಿಕೊಳ್ಳುತ್ತಿದ್ದ. ಅಂಥವನು ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರನಾಗಿಯೇ ಉಳಿದಿದ್ದ.

"ಮಧ್ಯಾಹ್ನ ಮೂರು ಗಂಟೆಯೊಳಗೆ ಸರಿಮಾಡು, ನಿನ್ನ ಖಾಯಂ ಆದೇಶಕ್ಕೆ ಇವತ್ತೇ ಸಹಿ ಹಾಕ್ತೀನಿ," ಎಂದರು ಸಂಸತ್ತಿನ ಕಾರ್ಯದರ್ಶಿ. "ಆಗ್ಲಿಲ್ಲ ಅಂದ್ರೆ ನಾಳೆ ಬೇರೆ ಮೇಸ್ತ್ರಿ ಬರ್ತಾನೆ."

ಗಂಟೆಯ ಗುಂಡಿ ಇದ್ದದ್ದು ಕೆಳಮನೆಯ ಸಭಾಂಗಣದ ಮೂಲೆಯಲ್ಲಿ. ಅಲ್ಲಿಗೆ ಕೋಟಿಲ್ಲದೆ ಕಾಲಿಡುವಂತಿಲ್ಲ. ಬಾಗಿಲು ಕಾಯುವವನು ಯಾವನೋ ಸದಸ್ಯ ಮರೆತುಹೋದ ಕೋಟನ್ನು ಅವನಿಗೆ ತೊಡಿಸಿದ. ಅದರೊಳಗೆ ಇನ್ನೂ ಇಬ್ಬರು ಮೇಸ್ತ್ರಿಗಳಿಗೆ ಜಾಗವಿತ್ತು.

ಒಳಗೆ ಯಾರೋ ಎರಡು ತಾಸಿನಿಂದ ಭಾಷಣ ಮಾಡುತ್ತಿದ್ದರು. ಸಭಾಧ್ಯಕ್ಷರು ಕೂತಲ್ಲೇ ತೂಕಡಿಸುತ್ತಿದ್ದರು. ನೆಲಮಾಳಿಗೆಯಲ್ಲಿ ತಂತಿ ಬೆಸೆದು ಬಂದಿದ್ದ ಮೇಸ್ತ್ರಿ, ಪರೀಕ್ಷೆಗೆಂದು ಗುಂಡಿಯನ್ನು ಒಂದೇ ಕ್ಷಣ ಒತ್ತಿದ. ಗಂಟೆ ಬಡಿಯಿತು. ಬಡಿದದ್ದು ನಿಲ್ಲಲಿಲ್ಲ. ಬೆಚ್ಚಿಬಿದ್ದ ಸಭಾಧ್ಯಕ್ಷರು ಯಾರೋ ಮತಕ್ಕೆ ಒತ್ತಾಯಿಸಿದ್ದಾರೆಂದು ತಿಳಿದು, "ಮತಕ್ಕೆ ಹಾಕಲಾಗಿದೆ," ಎಂದುಬಿಟ್ಟರು.

ಸದಸ್ಯರು ನುಗ್ಗಿಬಂದರು. ದಪ್ಪಗಿನವರೊಬ್ಬರ ಕೈಯಲ್ಲಿ ಕ್ಯಾಂಟೀನಿನ ಚಮಚ ಹಾಗೇ ಇತ್ತು.

"ಯಾವ ಮಸೂದೆ ಇದು?"

"ನಲವತ್ತೆರಡು ಇರ್ಬೇಕು."

"ನಾವು ಪರಾನೋ ವಿರೋಧಾನೋ?"

"ನಂಗೇನ್ ಗೊತ್ತು, ಮುಂದಿನವರ ಬೆನ್ನು ನೋಡ್ಕೊಂಡು ನಡೀರಿ."

ಬೀಗ ಬಿತ್ತು. ಮೇಸ್ತ್ರಿ ಬಾಗಿಲು ತಟ್ಟಿದ. "ಅಣ್ಣಾ, ನಾನು ಸದಸ್ಯ ಅಲ್ಲ, ಆಚೆ ಬಿಡು."

"ಎಣಿಕೆ ಮುಗಿಯೋವರೆಗೆ ಸಭಾಧ್ಯಕ್ಷರ ಅಪ್ಪ ಬಂದ್ರೂ ತೆಗೆಯೋ ಹಾಗಿಲ್ಲ," ಎಂದ ಕಾವಲಿನವನು ಹೊರಗಿನಿಂದ. "ಎಡಗಡೆ ದಾರೀಲಿ ಬಂದ್ರೆ ಮಸೂದೆ ಪರ, ಬಲಗಡೆ ಬಂದ್ರೆ ವಿರೋಧ. ಯಾವುದಾದ್ರೂ ಒಂದರಲ್ಲಿ ಬಾ."

ಮೂರಕ್ಕೆ ಐದೇ ನಿಮಿಷ ಬಾಕಿ. ಕಾರ್ಯದರ್ಶಿಯ ಕೋಣೆ ಎಡಕ್ಕಿತ್ತು. ಮೇಸ್ತ್ರಿ ಎಡಕ್ಕೇ ನಡೆದ. ಎಣಿಸುವ ಗುಮಾಸ್ತ ಕೋಟು ನೋಡಿ ತಲೆಬಾಗಿ, ಒಂದು ಗೆರೆ ಎಳೆದ. ಸಭಾಧ್ಯಕ್ಷರು ಘೋಷಿಸಿದರು: ಪರವಾಗಿ ನೂರ ಇಪ್ಪತ್ತೊಂದು, ವಿರುದ್ಧವಾಗಿ ನೂರ ಇಪ್ಪತ್ತು.

ಮೇಸ್ತ್ರಿ ಬೆರಳು ಮಡಿಸಿ ತನ್ನದೊಂದನ್ನು ಕಳೆದು ನೋಡಿದ: ಸಮ ಸಮ. ಕಾರ್ಯದರ್ಶಿಯ ಕೋಣೆಗೆ ಏದುಸಿರು ಬಿಡುತ್ತ ಹೋದ. "ಸ್ವಾಮಿ, ಆ ಹೆಚ್ಚಿನ ಒಂದು ಮತ ನಂದು."

ಕಾರ್ಯದರ್ಶಿ ಎದ್ದುಹೋಗಿ ಬಾಗಿಲು ಹಾಕಿಬಂದರು. "ಘೋಷಣೆ ಆದ್ಮೇಲೆ ಅದು ದಾಖಲೆ ಕಣಯ್ಯ. ಬಾಯಿ ಬಿಟ್ರೆ ನಿನ್ನ ಕೆಲ್ಸಾನೂ ಹೋಯ್ತು, ನಂದೂ ಹೋಯ್ತು. ಗಂಟೆ ಬಡೀತಲ್ಲ? ತಗೋ ನಿನ್ನ ಆದೇಶ." ಸಹಿ ಹಾಕಿ ಮೊಹರು ಒತ್ತಿಯೂಬಿಟ್ಟರು.

"ಮಸೂದೆ ಕೆಟ್ಟದ್ದಾಗಿದ್ರೆ?"

"ಮೇಲ್ಮನೆ ಇರೋದು ಯಾತಕ್ಕೆ? ತಿದ್ದುಪಡಿ ಅಂತಾರೆ, ಸಮಿತಿಗೆ ಕಳಿಸ್ತಾರೆ, ವಾಪಸ್ ಇಲ್ಲಿಗೆ ಬರುತ್ತೆ, ಮತ್ತೆ ಅಲ್ಲಿಗೆ ಹೋಗುತ್ತೆ. ಕೊನೆಗೆ ರಾಷ್ಟ್ರಾಧ್ಯಕ್ಷರ ಸಹಿ ಬೇರೆ ಆಗ್ಬೇಕು. ಎರಡು ವರ್ಷ ನಿಶ್ಚಿಂತೆಯಾಗಿ ಮಲಗು."

ಮೇಸ್ತ್ರಿಗೆ ಅರ್ಧ ಅರ್ಥವಾಗಲಿಲ್ಲ, ಆದರೂ ಸಮಾಧಾನವಾಯಿತು. ಆದರೆ ಅವಸರದಲ್ಲಿ ಅವನು ಎರಡೂ ಮನೆಗಳ ತಂತಿಯನ್ನು ಒಟ್ಟಿಗೇ ಬೆಸೆದಿದ್ದ. ಮೇಲ್ಮನೆಯಲ್ಲೂ ಗಂಟೆ ಬಡಿದು, ಹಿರಿಯರೆಲ್ಲ ಬಂದು ಕೂತು, ಬಾಗಿಲಿಗೆ ಬೀಗ ಬಿದ್ದಿತ್ತು. ಯಾವುದಾದರೂ ಒಂದನ್ನು ಮತಕ್ಕೆ ಹಾಕದೆ ಬೀಗ ತೆಗೆಯುವಂತಿಲ್ಲ, ಹಾಕಲು ಏನೂ ಇಲ್ಲ. ಅಷ್ಟರಲ್ಲಿ ಕೆಳಮನೆಯ ದೂತ ಕಿಟಕಿಯಿಂದ ನಲವತ್ತೆರಡನೆಯ ಮಸೂದೆಯನ್ನು ತೂರಿಸಿದ. ಎಲ್ಲರೂ ಒಂದೇ ಬಾಯಲ್ಲಿ "ಹೌದು" ಎಂದು ಎದ್ದುಬಂದರು. ನಾಲ್ಕಕ್ಕೆ ಪ್ರವಾಸ ಹೊರಟಿದ್ದ ರಾಷ್ಟ್ರಾಧ್ಯಕ್ಷರು ಕಾರಿನ ಬಾಗಿಲಲ್ಲೇ ನಿಂತು ಸಹಿ ಹಾಕಿದರು.

ಇತ್ತ ಮೇಸ್ತ್ರಿ ವರಾಂಡದಲ್ಲಿ ನಿಂತು ಹೆಂಡತಿಗೆ ಫೋನು ಮಾಡಿದ್ದ. "ಖಾಯಂ ಆಯ್ತು ಕಣೇ." ಆ ಕಡೆ ಅವಳು ಅಳುತ್ತಿದ್ದಳು. ಇವನ ಕಣ್ಣೂ ತುಂಬಿಬಂತು.

ಕಾವಲಿನವನು ಅಚ್ಚಾದ ಹಾಳೆ ಹಿಡಿದು ಬಂದ. "ಆ ನಲವತ್ತೆರಡು ಏನು ಅಂತ ಓದಿದ್ಯಾ?"

"ಓಟು ಹಾಕಿದೋರೇ ಓದಿಲ್ಲ, ನಾನ್ಯಾಕೆ ಓದ್ಲಿ?"

"ಮತಗಂಟೆಗಳನ್ನ ತೆಗೆದು, ಇನ್ಮುಂದೆ ಸದಸ್ಯರ ಫೋನಿಗೇ ಸಂದೇಶ ಕಳಿಸೋ ಕಾನೂನಂತೆ. ಗಂಟೆ ವಿಭಾಗದ ಖಾಯಂ ಹುದ್ದೆಗಳು ಇವತ್ತಿಂದಲೇ ರದ್ದು."

ಮೇಸ್ತ್ರಿ ಹಾಳೆಯನ್ನು ಕಿತ್ತುಕೊಂಡ. "ತಾತ್ಕಾಲಿಕದವರು?"

"ಪಾಪ, ಅವ್ರು ಬೀದಿಗೆ ಬೀಳಬಾರ್ದು ಅಂತ ಫೋನು ವಿಭಾಗದಲ್ಲಿ ಕೆಲ್ಸ ಕೊಡ್ತಾರಂತೆ."

ಮೇಸ್ತ್ರಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಕಾರ್ಯದರ್ಶಿಯ ಕೋಣೆಗೆ ಓಡಿದ. ಆದೇಶವನ್ನು ಮೇಜಿನ ಮೇಲಿಟ್ಟು ಕೈಮುಗಿದ. "ಸ್ವಾಮಿ, ಇದು ನಂಗೆ ಬೇಡ. ಮೊದಲಿನ ಹಾಗೆ ತಾತ್ಕಾಲಿಕ ಮಾಡಿಬಿಡಿ."

ಕಾರ್ಯದರ್ಶಿ ಆದೇಶವನ್ನೊಮ್ಮೆ ನೋಡಿ, ಅವನ ಕಡೆಗೇ ಸರಿಸಿದರು.

"ಆಗಲ್ವಲ್ಲಯ್ಯ," ಎಂದರು. "ಖಾಯಂ ಅಂದ್ರೆ ಖಾಯಂ."