ಗೋಡೆಯಾಚೆಯ ಟೈಲರ್

“ನನಗೆ ಹೊಸ ನೆರೆಯವರು ಬೇಡ ಕಣಮ್ಮ, ಹಳೆಯವನನ್ನೇ ವಾಪಸ್ ಕೊಡಿ.”

ನಿವೃತ್ತ ಬಸ್ ಕಂಡಕ್ಟರು ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ನಗರಸಭೆಯ ಕೌಂಟರಿನ ಗಾಜಿಗೆ ಅಂಟಿಕೊಂಡಿದ್ದರು. ಒಳಗಿದ್ದ ಗುಮಾಸ್ತೆ ಮೊದಲು ಮಾಸ್ಕ್ ಮೇಲೇರಿಸಲು ಹೇಳಿ, ಆಮೇಲೆ ಫೈಲು ತೆರೆದಳು.

ಗುಮಾಸ್ತೆ: ಆ ಟೈಲರ್ ಬೇಡ, ಬದಲಾಯಿಸಿ ಅಂತ ನೀವೇ ಹೋದ ತಿಂಗಳು ಮೂರು ಅರ್ಜಿ ಕೊಟ್ಟಿದ್ದೀರಿ ಸಾರ್. ಈ ವಾರ ಬದಲಾಯಿಸಿದ್ದೀವಿ.

ಕಂಡಕ್ಟರ್: ಕೊಟ್ಟ ತಕ್ಷಣ ಮಾಡಿಬಿಡೋದಾ? ನಗರಸಭೆ ಅಂದ್ಮೇಲೆ ಒಂದಾರು ತಿಂಗಳಾದ್ರೂ ತಗೊಳ್ತೀರಿ ಅಂತ ನಂಬಿದ್ದೆ.

ಸಾಂಕ್ರಾಮಿಕ ಶುರುವಾದಾಗ ನಗರಸಭೆ ಎರಡೆರಡು ಮನೆಗಳನ್ನು ಜೋಡಿ ಮಾಡಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಒಬ್ಬರು ಇನ್ನೊಬ್ಬರ ಕ್ಷೇಮ ವಿಚಾರಿಸಬೇಕು, ಉತ್ತರ ಬರದಿದ್ದರೆ ನಗರಸಭೆಗೆ ಫೋನ್ ಮಾಡಬೇಕು. ಮನೆ ನಂಬರಿನ ಪ್ರಕಾರ ಕಂಡಕ್ಟರಿಗೆ ಸಿಕ್ಕಿದ್ದು ಪಕ್ಕದ ಮನೆಯ ಒಂಟಿ ಟೈಲರ್. ನಡುವಿನ ಗೋಡೆಯನ್ನು ಒಂದಡಿ ಎತ್ತರಿಸಿದ ಜಗಳದಲ್ಲಿ ಇಬ್ಬರಿಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಹಟ ಬಿಡುವಂತಿಲ್ಲ, ನಿಯಮ ಮೀರುವಂತಿಲ್ಲ. ಹಾಗಾಗಿ ಕಂಡಕ್ಟರು ಗೋಡೆಯ ಈಚೆ ನಿಂತು ತಮ್ಮ ಹಳೆಯ ಸೀಟಿ ಊದುತ್ತಿದ್ದರು. ಟೈಲರ್ ಆಚೆಯಿಂದ ಕತ್ತರಿಯಲ್ಲಿ ಕಿಟಕಿಯ ಸರಳು ಬಡಿಯುತ್ತಿದ್ದರು.

ಒಂದು ಮಂಗಳವಾರ ಹನ್ನೊಂದು ಸಲ ಊದಿದರೂ ಕತ್ತರಿ ಸದ್ದಿಲ್ಲ. ಕಂಡಕ್ಟರು ಫೋನ್ ಮಾಡಿದರು. ಆಂಬ್ಯುಲೆನ್ಸ್ ಬರುವಷ್ಟು ಹೊತ್ತು ಕಾಯಲಾಗದೆ, ನೋಯುವ ಮೊಣಕಾಲಲ್ಲೇ ಆ ಗೋಡೆ ಹತ್ತಿ ಇಳಿದರು. ಉಸಿರು ಸಿಗದೆ ನೆಲಕ್ಕೆ ಬಿದ್ದಿದ್ದ ಟೈಲರನ್ನು ಎತ್ತಿ ಕೂರಿಸಿದರು. ಆಸ್ಪತ್ರೆ ಸೇರಿ ಇವತ್ತಿಗೆ ಹದಿನಾಲ್ಕು ದಿನ. ನಾಳೆ ಬಿಡುಗಡೆ.

ಗುಮಾಸ್ತೆ: ಈಗ ಕೊಟ್ಟಿರೋ ಸಂಗೀತದ ಮೇಡಂ ಒಳ್ಳೆಯವರಲ್ವಾ?

ಕಂಡಕ್ಟರ್: ಹೇಗಿದ್ದೀರಿ ಅಂದ್ರೆ ಮುಕ್ಕಾಲು ಗಂಟೆ ಹೇಳ್ತಾರೆ.

ಹಳೆಯ ಜೋಡಿಗೆ ಟೈಲರ್ ಒಪ್ಪಿಗೆಯೂ ಬೇಕೆಂದು ಗುಮಾಸ್ತೆ ಆಸ್ಪತ್ರೆಯಲ್ಲಿದ್ದ ಅವರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ವಿಷಯ ತಿಳಿಸಿದಳು.

ಟೈಲರ್: ಅವನು ಅಲ್ಲೇ ಇದ್ದಾನಾ?

ಕಂಡಕ್ಟರ್: ನಾನು ಅವನ ಹತ್ರ ಮಾತಾಡಲ್ಲ ಅಂತ ಹೇಳಮ್ಮ.

ಟೈಲರ್: ನಾನೂ ಆಡಲ್ಲ ಅಂತ ಹೇಳು. ಮೊಣಕಾಲು ಹೇಗಿದೆಯಂತೆ ಕೇಳು.

ಕಂಡಕ್ಟರ್: ಬಾತಿದೆ ಅಂತ ಹೇಳು. ಊಟ ಸೇರ್ತಿದೆಯಂತಾ?

ಟೈಲರ್: ಸಪ್ಪೆ ಗಂಜಿ. ಕಾಲಿಗೆ ಬಿಸಿನೀರಿನ ಶಾಖ ಕೊಡೋಕೆ ಹೇಳು. ಅಸಡ್ಡೆ ಮಾಡ್ತಾನೆ ಅವನು.

ಕಂಡಕ್ಟರ್: ಕೊಡ್ತಾ ಇದೀನಿ ಅಂತ ಹೇಳು.

ಗುಮಾಸ್ತೆ ಒಂದು ಮಾತನ್ನೂ ದಾಟಿಸಬೇಕಾಗಿ ಬರಲಿಲ್ಲ. ಅವಳು ಫಾರಂ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಳು.

“ಇಬ್ಬರ ನಡುವೆ ಮಾತುಕತೆ ಇದೆಯೇ ಅಂತ ಒಂದು ಕಾಲಂ ಇದೆ. ಏನಂತ ಬರೀಲಿ?”

“ಇಲ್ಲ ಅಂತ ಬರಿ,” ಎಂದರು ಇಬ್ಬರೂ ಒಟ್ಟಿಗೆ.